ಜನರಿಕ್ ಟೈಪಿನ ಮೆಥಡ್‌ಗಳು ಇನ್‌ಲೈನ್ ಆಗುವಂತೆ ಮಾಡುವುದು ಹೇಗೆ: ಸಿ ಶಾರ್ಪ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಒಳಗಿನ ಲೂಪಿನಲ್ಲಿ ಕೋಟಿಗಟ್ಟಲೆ ಸಲ ಓಡುವ ಪುಟ್ಟ ಮೆಥಡ್ ಒಂದಿದೆ ಎಂದುಕೊಳ್ಳಿ. ಎರಡು ಸಂಖ್ಯೆಗಳಲ್ಲಿ ಯಾವುದು ಚಿಕ್ಕದು ಎಂದು ಹೇಳುವುದಷ್ಟೇ ಅದರ ಕೆಲಸ. ಇಂಟ್‌ಗೆಂದೇ ಬರೆದಾಗ ಅದು ಒಂದೆರಡು ಇನ್‌ಸ್ಟ್ರಕ್ಷನ್‌ಗಳಿಗೆ ಇಳಿದು ಲೂಪಿನೊಳಗೆ ಕರಗಿಹೋಗುತ್ತದೆ. ಕರೆಯ ಜಾಗದಲ್ಲೇ ಮೆಥಡ್ಡಿನ ಕೋಡು ಹೀಗೆ ಸೇರಿಹೋಗುವುದಕ್ಕೆ ಇನ್‌ಲೈನ್ ಆಗುವುದು ಎನ್ನುತ್ತಾರೆ. ಎಲ್ಲ ಟೈಪ್‌ಗಳಿಗೂ ಆಗಲಿ ಎಂದು ಅದನ್ನೇ ಜನರಿಕ್ ಮಾಡಿ ಹೀಪ್<ಟಿ> ಎಂಬ, ಚಿಕ್ಕದನ್ನು ಸದಾ ಮೇಲಿಡುವ ಕ್ಲಾಸಿನೊಳಗೆ ಇಟ್ಟ ಕೂಡಲೇ ವೇಗ ಬಿದ್ದುಹೋಗುತ್ತದೆ. ಆಗ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಮೆಥಡ್ ತಲೆಯ ಮೇಲೆ ಅಗ್ರೆಸಿವ್‌ಇನ್‌ಲೈನಿಂಗ್ ಎಂಬ ಆಟ್ರಿಬ್ಯೂಟ್ ಅಂಟಿಸುವುದು. ಅನೇಕ ಸಲ ಅದರಿಂದ ಏನೂ ಬದಲಾಗುವುದಿಲ್ಲ.

ಬದಲಾಗದಿರುವುದಕ್ಕೆ ಕಾರಣ ಸರಳ. ಮೆಷಿನ್ ಕೋಡ್ ತಯಾರಾಗುವ ಗಳಿಗೆಯಲ್ಲಿ, ಕರೆಯುತ್ತಿರುವುದು ಯಾವ ಮೆಥಡ್ ಎಂಬುದು ಕಂಪೈಲರಿಗೆ ಖಚಿತವಾಗಿ ಗೊತ್ತಿರಬೇಕು. ಗೊತ್ತಿಲ್ಲದ್ದನ್ನು ಎಷ್ಟೇ ಬಲವಂತ ಮಾಡಿದರೂ ಅದು ಇನ್‌ಲೈನ್ ಮಾಡಲಾರದು. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಆ ಗುರುತನ್ನು ಟೈಪ್‌ಗಳ ಮೂಲಕವೇ ಕಂಪೈಲರಿಗೆ ತಲುಪಿಸುವುದರ ಬಗ್ಗೆ ಇದೆ. ಆಟ್ರಿಬ್ಯೂಟಿನ ಸರದಿ ಕೊನೆಗೆ ಬರುತ್ತದೆ.

ಕೀವರ್ಡ್‌ಗಳನ್ನೂ ಟೈಪ್‌ಗಳ ಹೆಸರನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಕಾಗುಣಿತ ಹಾಕಿಕೊಳ್ಳಿ. ಹೇಳುವ ಮಾತು ಡಾಟ್‌ನೆಟ್ 8ರಿಂದ ಈಚೆಗಿನ ರನ್‌ಟೈಮ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕಿನಲ್ಲಿ ಇರುವವರಿಗೆ ಇದರಲ್ಲಿ ಅರ್ಧಕ್ಕರ್ಧ ಉಪಯೋಗವಾದೀತು.

ಹಂತ 1: ಇನ್‌ಲೈನ್ ಮಾಡುವವರು ಯಾರು, ಯಾವಾಗ

ಸಿ ಶಾರ್ಪ್ ಕಂಪೈಲರ್ ರಾಸ್ಲಿನ್ ಇನ್‌ಲೈನ್ ಮಾಡುವುದೇ ಇಲ್ಲ. ಅದು ನಿಮ್ಮ ಕೋಡನ್ನು ಐಎಲ್ ಎಂಬ ನಡುಭಾಷೆಗೆ ಇಳಿಸಿ ಕೈತೊಳೆದುಕೊಳ್ಳುತ್ತದೆ. ಐಎಲ್‌ನಲ್ಲಿ ಕಾಲ್ ಕಾಲ್ ಆಗಿಯೇ ಉಳಿದಿರುತ್ತದೆ. ಪ್ರೋಗ್ರಾಮ್ ಓಡುವಾಗ ಮೆಥಡ್‌ಗಳನ್ನು ಮೆಷಿನ್ ಕೋಡ್ ಮಾಡುವ ಜಿಟ್ ಕಂಪೈಲರ್, ಅಂದರೆ ರ‍್ಯೂಜಿಟ್, ಇನ್‌ಲೈನ್ ಮಾಡಬೇಕೋ ಬೇಡವೋ ಎಂದು ಆಗ ತೀರ್ಮಾನಿಸುತ್ತದೆ. ಡಿಎಲ್‌ಎಲ್ ಬಿಚ್ಚಿ ಐಎಲ್ ನೋಡಿ "ಇನ್‌ಲೈನ್ ಆಗಿಲ್ಲವಲ್ಲ" ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಜಿಟ್ ಕೂಡ ಮೊದಲ ಸಲಕ್ಕೇ ಪೂರ್ತಿ ಶ್ರಮ ಹಾಕುವುದಿಲ್ಲ. ಡಾಟ್‌ನೆಟ್ ಕೋರ್ 3.0ರಿಂದ ಟಿಯರ್ಡ್ ಕಂಪೈಲೇಷನ್ ತಾನಾಗಿಯೇ ಆನ್ ಆಗಿರುತ್ತದೆ. ಮೊದಲ ಕರೆಗೆ ಟಿಯರ್-0 ಕೋಡ್ ತಯಾರಾಗುತ್ತದೆ. ಬೇಗ ಶುರುವಾಗಲಿ ಎಂಬುದು ಅದರ ಉದ್ದೇಶ, ಇನ್‌ಲೈನಿಂಗ್ ಅದರಲ್ಲಿಲ್ಲ. ಮೆಥಡ್ 30 ಸಲ ಕರೆಸಿಕೊಂಡ ಮೇಲೆ ಅದು ಟಿಯರ್-1ರ ಸಾಲಿಗೆ ಸೇರುತ್ತದೆ, ಹಿನ್ನೆಲೆಯ ಥ್ರೆಡ್ ಅದನ್ನು ಮತ್ತೆ ಕಂಪೈಲ್ ಮಾಡುತ್ತದೆ. ಡಾಟ್‌ನೆಟ್ 8ರಿಂದ ಡೈನಾಮಿಕ್ ಪಿಜಿಒ, ಅಂದರೆ ಓಡುವಾಗ ಕಂಡದ್ದನ್ನು ನೋಡಿ ಆಪ್ಟಿಮೈಸ್ ಮಾಡುವುದು, ಕೂಡ ಡಿಫಾಲ್ಟ್. ಟಿಯರ್-1ಕ್ಕೆ ಹೋಗುವ ಮುನ್ನ ಯಾವ ಕವಲು ಹೆಚ್ಚು ಓಡುತ್ತದೆ, ಇಂಟರ್‌ಫೇಸ್ ಕರೆಯ ಹಿಂದೆ ನಿಜವಾಗಿ ಯಾವ ಕ್ಲಾಸ್ ನಿಂತಿದೆ ಎಂಬ ಲೆಕ್ಕವನ್ನು ರನ್‌ಟೈಮ್ ಇಟ್ಟುಕೊಳ್ಳುತ್ತದೆ.

ಇದರಿಂದ ಮಾಡಬೇಕಾದ ಕೆಲಸ ಎರಡು. ರಿಲೀಸ್ ಬಿಲ್ಡ್ ಬಳಸಿ. ಡೀಬಗ್ ಬಿಲ್ಡಿನ ಅಸೆಂಬ್ಲಿಯಲ್ಲಿ ಆಪ್ಟಿಮೈಸ್ ಮಾಡಬೇಡ ಎಂಬ ಗುರುತೇ ಇರುತ್ತದೆ. ಡೀಬಗರ್ ಜೋಡಿಸದೆ ಓಡಿಸಿ. ವಿಷುವಲ್ ಸ್ಟುಡಿಯೋದ ಡೀಬಗರ್ ಎಫ್5 ಒತ್ತಿದಾಗ ಜಿಟ್ ಆಪ್ಟಿಮೈಸೇಷನ್ನನ್ನು ತಡೆಯುವುದು ಅದರ ಡಿಫಾಲ್ಟ್ ಸೆಟ್ಟಿಂಗ್.

ಹಂತ 2: ಊಹೆ ಬಿಟ್ಟು ಕಣ್ಣಿಂದ ನೋಡಿ

ಡಾಟ್‌ನೆಟ್ 7 ಬಂದ ಮೇಲೆ ಈ ಕೆಲಸ ತೀರಾ ಸುಲಭವಾಗಿದೆ. ಅದಕ್ಕೆ ಮೊದಲು ಜಿಟ್‌ನ ವಿಶೇಷ ಬಿಲ್ಡ್ ತಾನೇ ಕಟ್ಟಿಕೊಳ್ಳಬೇಕಿತ್ತು. ಈಗ ಡಾಟ್‌ನೆಟ್_ಜಿಟ್‌ಡಿಸ್‌ಅಸೆಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಮೆಥಡ್ ಹೆಸರು ಕೊಟ್ಟು ಪ್ರೋಗ್ರಾಮ್ ಓಡಿಸಿದರೆ, ಆ ಮೆಥಡ್‌ಗೆ ತಯಾರಾದ ಅಸೆಂಬ್ಲಿ ಕೋಡ್ ಪರದೆಯ ಮೇಲೆ ಸುರಿಯುತ್ತದೆ. ಪರದೆ ತುಂಬಿ ಹೋಗುತ್ತದೆ ಎನಿಸಿದರೆ ಡಾಟ್‌ನೆಟ್_ಜಿಟ್‌ಎಸ್‌ಟಿಡಿಔಟ್‌ಫೈಲ್ ಎಂಬುದಕ್ಕೆ ಫೈಲಿನ ಹೆಸರು ಕೊಡಿ. ನೆನಪಿರಲಿ, ಹೆಸರು ಕೊಡಬೇಕಾದದ್ದು ಕರೆಯುವ ಮೆಥಡ್ಡಿನದು. ಇನ್‌ಲೈನ್ ಆಗಬೇಕಾದ ಪುಟ್ಟ ಮೆಥಡ್ ಯಾರೊಳಗೆ ಕರಗಬೇಕೋ ಅವರ ಕೋಡನ್ನು ನೋಡಬೇಕು.

ಪಟ್ಟಿಯ ತಲೆಬರಹದಲ್ಲೇ ಅದು ಟಿಯರ್-0ರದ್ದೋ ಟಿಯರ್-1ರದ್ದೋ ಎಂದು ಬರೆದಿರುತ್ತದೆ. ಟಿಯರ್-0 ಪಟ್ಟಿಯನ್ನು ಪಕ್ಕಕ್ಕಿಡಿ. ಟಿಯರ್-1 ಬರುವಷ್ಟು ಹೊತ್ತು ಪ್ರೋಗ್ರಾಮ್ ಓಡದಿದ್ದರೆ ಡಾಟ್‌ನೆಟ್_ಟಿಯರ್ಡ್‌ಕಂಪೈಲೇಷನ್ ಎಂಬುದನ್ನು 0 ಮಾಡಿ ಓಡಿಸಬಹುದು. ಆಗ ಮೊದಲ ಕರೆಗೇ ಪೂರ್ತಿ ಆಪ್ಟಿಮೈಸ್ ಆದ ಕೋಡ್ ಸಿಗುತ್ತದೆ. ಆದರೆ ಅದರಲ್ಲಿ ಪಿಜಿಒ ಮಾಹಿತಿ ಇರುವುದಿಲ್ಲವಾದ್ದರಿಂದ ಪ್ರೊಡಕ್ಷನ್ನಿನಲ್ಲಿ ಓಡುವ ಕೋಡಿಗೂ ಇದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಪಟ್ಟಿಯಲ್ಲಿ ಹುಡುಕಬೇಕಾದದ್ದು ಮೂರು ಬಗೆಯ ಸಾಲು. ನಿಮ್ಮ ಮೆಥಡ್ ಹೆಸರೇ ಇರುವ ಕಾಲ್ ಸಾಲು ಉಳಿದಿದ್ದರೆ ಅದು ಇನ್‌ಲೈನ್ ಆಗಿಲ್ಲ ಎಂದರ್ಥ. ಐಕಂಪೇರರ್‌ನಂಥ ಇಂಟರ್‌ಫೇಸಿನ ಹೆಸರು ಹೊತ್ತು, ಎಕ್ಸ್64 ಯಂತ್ರದಲ್ಲಿ ಆರ್11 ರಿಜಿಸ್ಟರಿನ ಮೂಲಕ ಹೋಗುವ ಕಾಲ್ ಕಂಡರೆ ಯಾವ ಮೆಥಡ್ ಎಂಬುದೇ ಜಿಟ್‌ಗೆ ಗೊತ್ತಾಗಿಲ್ಲ. ರನ್‌ಟೈಮ್‌ಹ್ಯಾಂಡಲ್ ಎಂಬ ಪದ ಇರುವ ಹೆಲ್ಪರ್ ಕರೆ ಕಂಡರೆ, ಟಿ ಯಾವುದು ಎಂದು ಕೋಡ್ ಓಡುವಾಗ ಹುಡುಕಾಡುತ್ತಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ.

ಏಕೆ ಆಗಲಿಲ್ಲ ಎಂಬ ಕಾರಣವೂ ಬೇಕೆಂದರೆ ಡಾಟ್‌ನೆಟ್-ಟ್ರೇಸ್ ಎಂಬ ಸಾಧನವಿದೆ. ರನ್‌ಟೈಮ್ ಪ್ರೊವೈಡರಿನಲ್ಲಿ ಜಿಟ್ ಟ್ರೇಸಿಂಗ್ ಕೀವರ್ಡನ್ನು, ಅಂದರೆ ಹೆಕ್ಸ್ 1000 ಅನ್ನು, ವರ್ಬೋಸ್ ಮಟ್ಟದಲ್ಲಿ ಆನ್ ಮಾಡಿ. ಮೆಥಡ್‌ಜಿಟ್‌ಇನ್‌ಲೈನಿಂಗ್‌ಫೇಲ್ಡ್ ಎಂಬ ಈವೆಂಟುಗಳು ಸಾಲುಸಾಲಾಗಿ ಬೀಳುತ್ತವೆ. ಯಾರು ಕರೆದರು, ಯಾರನ್ನು ಕರೆದರು, ಏಕೆ ಬಿಟ್ಟೆವು ಎಂಬುದು ಪ್ರತಿಯೊಂದರಲ್ಲೂ ಇರುತ್ತದೆ. ಪರ್ಫ್‌ವ್ಯೂನಲ್ಲಿ ತೆರೆದು ನಿಮ್ಮ ಕ್ಲಾಸಿನ ಹೆಸರಿಗೆ ಫಿಲ್ಟರ್ ಹಾಕದಿದ್ದರೆ ಆ ರಾಶಿಯಲ್ಲಿ ಕಳೆದೇ ಹೋಗುತ್ತೀರಿ.

ವೇಗ ಅಳೆಯಲು ಬೆಂಚ್‌ಮಾರ್ಕ್‌ಡಾಟ್‌ನೆಟ್ ಬಳಸಿ, ಜೊತೆಗೆ ಡಿಸ್‌ಅಸೆಂಬ್ಲಿ ಡಯಾಗ್ನೋಸರ್ ಸೇರಿಸಿ. ಸ್ಟಾಪ್‌ವಾಚ್ ಇಟ್ಟು ಕೈಯಾರೆ ಬರೆದ ಲೂಪಿನಲ್ಲಿ ಟಿಯರ್-0, ಟಿಯರ್-1, ಓಡುತ್ತಿರುವ ಲೂಪನ್ನೇ ನಡುವೆ ಬದಲಾಯಿಸುವ ಒಎಸ್ಆರ್ ಎಲ್ಲ ಬೆರೆತು ಬರುವ ಸಂಖ್ಯೆಯನ್ನು ನಂಬುವಂತಿಲ್ಲ.

ಹಂತ 3: ನಿಮ್ಮ ಟಿ ಯಾವ ಜಾತಿಯದು ನೋಡಿ

ಇಡೀ ವಿಷಯದ ಕೀಲಿ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಡಾಟ್‌ನೆಟ್ಟಿನ ಜನರಿಕ್ಸ್ 2005ರ 2.0 ಆವೃತ್ತಿಯಲ್ಲಿ ಬಂತು. ಅದರ ವಿನ್ಯಾಸ ಮಾಡಿದವರು ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಆಂಡ್ರ್ಯೂ ಕೆನಡಿ ಮತ್ತು ಡಾನ್ ಸೈಮ್. ಅವರು ನಡುದಾರಿ ಹಿಡಿದರು. ಟಿ ಜಾಗದಲ್ಲಿ ಇಂಟ್, ಸ್ಟ್ರಕ್ಟ್‌ಗಳಂಥ ವ್ಯಾಲ್ಯೂ ಟೈಪ್ ಬಂದರೆ ಪ್ರತಿಯೊಂದಕ್ಕೂ ಬೇರೆ ಮೆಷಿನ್ ಕೋಡ್: ಹೀಪ್<ಇಂಟ್>ಗೆ ಒಂದು, ಹೀಪ್<ಡಬಲ್>ಗೆ ಇನ್ನೊಂದು, ಹೀಪ್<ಡೇಟ್‌ಟೈಮ್>ಗೆ ಮತ್ತೊಂದು. ರೆಫರೆನ್ಸ್ ಟೈಪ್ ಬಂದರೆ ಎಲ್ಲಕ್ಕೂ ಒಂದೇ ಕೋಡ್: ಹೀಪ್<ಸ್ಟ್ರಿಂಗ್>, ಹೀಪ್<ಗ್ರಾಹಕ> ಎರಡೂ ಅದನ್ನೇ ಹಂಚಿಕೊಳ್ಳುತ್ತವೆ. ರೆಫರೆನ್ಸ್ ಎಂದರೆ ಹೇಗೂ ಒಂದು ಪಾಯಿಂಟರ್ ತಾನೆ, ಅಳತೆ ಒಂದೇ. ಹತ್ತಾರು ಪ್ರತಿ ಮಾಡಿ ಮೆಮೊರಿ ತುಂಬಿಸುವುದೇಕೆ ಎಂಬ ಲೆಕ್ಕಾಚಾರ. ಈ ಹಂಚಿಕೆಯ ಪ್ರತಿಯಲ್ಲಿ ಟಿ ಜಾಗಕ್ಕೆ ಜಿಟ್ ಇಡುವ ಹೆಸರು ಸಿಸ್ಟಮ್.__ಕ್ಯಾನನ್. ಡಿಸ್‌ಅಸೆಂಬ್ಲಿ ಪಟ್ಟಿಯ ತಲೆಬರಹದಲ್ಲಿ ಆ ಹೆಸರು ಕಂಡಿತೆಂದರೆ ನೀವು ನೋಡುತ್ತಿರುವುದು ಹಂಚಿಕೆಯ ಕೋಡ್.

ಹಂಚಿಕೆಯ ಕೋಡಿಗೆ ತಾನು ಯಾರ ಪರವಾಗಿ ಓಡುತ್ತಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಬರಿದೇ ರೆಫರೆನ್ಸನ್ನು ಅಲ್ಲಿಂದಿಲ್ಲಿಗೆ ಸಾಗಿಸುವಾಗ ಅದರ ಅಗತ್ಯವೂ ಇಲ್ಲ. ಆದರೆ ಹೊಸ ಟಿ ಅರೇ ಮಾಡಬೇಕಾದಾಗ, ಒಂದು ಆಬ್ಜೆಕ್ಟ್ ಟಿ ಹೌದೇ ಎಂದು ಪರೀಕ್ಷಿಸುವಾಗ, ಜನರಿಕ್ ಕ್ಲಾಸಿನ ಸ್ಟ್ಯಾಟಿಕ್ ಫೀಲ್ಡ್ ಮುಟ್ಟುವಾಗ, ಟಿಯನ್ನೇ ಇನ್ನೊಂದು ಜನರಿಕ್ ಮೆಥಡ್‌ಗೆ ದಾಟಿಸುವಾಗ ಅದು ಜನರಿಕ್ ಡಿಕ್ಷನರಿ ಎಂಬ ಕೋಷ್ಟಕ ನೋಡಲೇಬೇಕು. ಕ್ಲಾಸಿನ ಇನ್‌ಸ್ಟೆನ್ಸ್ ಮೆಥಡ್ ಆದರೆ ದಿಸ್ ಆಬ್ಜೆಕ್ಟಿನ ಮೆಥಡ್ ಟೇಬಲ್ ಮೂಲಕ ಆ ಕೋಷ್ಟಕಕ್ಕೆ ದಾರಿ. ಸ್ಟ್ಯಾಟಿಕ್ ಮೆಥಡ್, ಜನರಿಕ್ ಮೆಥಡ್‌ಗಳಿಗೆ ಕಣ್ಣಿಗೆ ಕಾಣದ ಹೆಚ್ಚುವರಿ ಆರ್ಗ್ಯುಮೆಂಟ್ ಒಂದು ಹೋಗುತ್ತದೆ.

ಕರೆಯುವವರದೂ ಹಂಚಿಕೆಯ ಕೋಡಾಗಿ, ಕರೆಸಿಕೊಳ್ಳುವ ಮೆಥಡ್‌ಗೆ ಡಿಕ್ಷನರಿ ಬೇಕಾಗಿದ್ದರೆ, ಡಾಟ್‌ನೆಟ್ 8ರವರೆಗೂ ಜಿಟ್ ಕೈಚೆಲ್ಲುತ್ತಿತ್ತು. ಡಾಟ್‌ನೆಟ್ 9ರಲ್ಲಿ ಈ ಅಡ್ಡಿ ತೆಗೆದರು. ರನ್‌ಟೈಮ್ ಲುಕಪ್ ಬೇಕಾದ ಹಂಚಿಕೆಯ ಜನರಿಕ್‌ಗಳೂ ಈಗ ಇನ್‌ಲೈನ್ ಆಗಬಲ್ಲವು. ಆದ್ದರಿಂದ ಈ ಕಾರಣಕ್ಕೆ ಒದ್ದಾಡುತ್ತಿರುವವರು ಕೋಡಿಗೆ ಕೈಹಾಕುವ ಮುನ್ನ ರನ್‌ಟೈಮ್ ಬದಲಾಯಿಸಿ ನೋಡುವುದು ಕಡಿಮೆ ಖರ್ಚಿನ ದಾರಿ. ಕರೆ ಮಾಯವಾದರೂ ಲುಕಪ್ ಉಳಿದೇ ಇರುತ್ತದೆ ಎಂಬುದು ಬೇರೆ ಮಾತು.

ಹಂತ 4: ನಡವಳಿಕೆಯನ್ನು ಸ್ಟ್ರಕ್ಟ್ ಆಗಿ ದಾಟಿಸಿ

ಈಗ ನಮ್ಮ ಹೀಪ್‌ಗೆ ಬರೋಣ. ಸಾಮಾನ್ಯವಾಗಿ ಬರೆಯುವ ಬಗೆ ಹೀಗಿರುತ್ತದೆ: ಕ್ಲಾಸಿನೊಳಗೆ ಐಕಂಪೇರರ್<ಟಿ> ಟೈಪಿನ ಫೀಲ್ಡ್ ಒಂದು, ಕನ್‌ಸ್ಟ್ರಕ್ಟರಿನಲ್ಲಿ ಅದನ್ನು ತುಂಬುವುದು, ಅಂಶವನ್ನು ಮೇಲೆ ಕೆಳಗೆ ಸರಿಸುವ ಲೂಪಿನಲ್ಲಿ ಅದರ ಕಂಪೇರ್ ಕರೆಯುವುದು. ಟಿ ಎಂಬುದು ಇಂಟ್ ಆಗಿ ಹೀಪ್‌ಗೆ ತನ್ನದೇ ಮೆಷಿನ್ ಕೋಡ್ ಇದ್ದರೂ ಕಂಪೇರ್ ಮಾತ್ರ ಇಂಟರ್‌ಫೇಸ್ ಕರೆಯಾಗಿಯೇ ಉಳಿಯುತ್ತದೆ. ಏಕೆಂದರೆ ಫೀಲ್ಡಿನಲ್ಲಿ ಯಾವ ಕಂಪೇರರ್ ಕೂತಿದೆ ಎಂಬುದು ಓಡುವಾಗ ಮಾತ್ರ ಗೊತ್ತಾಗುವ ಸಂಗತಿ. ಡೈನಾಮಿಕ್ ಪಿಜಿಒ ಇದ್ದರೆ ಜಿಟ್ ಒಂದು ಜೂಜಾಡುತ್ತದೆ: ಹೆಚ್ಚಾಗಿ ಬರುವ ಕ್ಲಾಸ್ ಇದೇ ಎಂದು ಗಮನಿಸಿ, "ಅದೇ ಆಗಿದ್ದರೆ ಇನ್‌ಲೈನ್ ಕೋಡ್, ಇಲ್ಲವಾದರೆ ಮಾಮೂಲಿ ಕರೆ" ಎಂದು ಕವಲು ಹಾಕುತ್ತದೆ. ಒಳ್ಳೆಯದೇ. ಆದರೆ ಒಂದೇ ಹೀಪ್‌ಗೆ ನಾಲ್ಕಾರು ಕಂಪೇರರ್‌ಗಳು ಬೆರೆತು ಬರುವ ಕಡೆ ಆ ಊಹೆ ಫಲಿಸುವುದಿಲ್ಲ.

ಖಚಿತವಾದ ಉಪಾಯ ಹೀಗಿದೆ. ಕಂಪೇರರನ್ನೂ ಟೈಪ್ ಪ್ಯಾರಾಮೀಟರ್ ಮಾಡಿ, ಅದು ಸ್ಟ್ರಕ್ಟ್ ಆಗಿರಲೇಬೇಕೆಂದು ಕಟ್ಟು ಹಾಕಿ:

ಕ್ಲಾಸ್ ಹೀಪ್<ಟಿ, ಸಿ> ವೇರ್ ಸಿ : ಸ್ಟ್ರಕ್ಟ್, ಐಕಂಪೇರರ್<ಟಿ>

ನಂತರ ಹೋಲಿಸುವ ಕಡೆ ಡಿಫಾಲ್ಟ್(ಸಿ).ಕಂಪೇರ್(ಅ, ಆ) ಎಂದು ಕರೆಯಿರಿ. ಏರಿಕೆಕ್ರಮ ಎಂಬ ಖಾಲಿ ಸ್ಟ್ರಕ್ಟ್ ಒಂದು, ಇಳಿಕೆಕ್ರಮ ಎಂಬುದು ಇನ್ನೊಂದು. ಎರಡಕ್ಕೂ ಐಕಂಪೇರರ್<ಇಂಟ್> ಜಾರಿ ಮಾಡಿ. ಹೀಪ್<ಇಂಟ್, ಏರಿಕೆಕ್ರಮ> ಎಂದಾಗ ಎರಡೂ ವ್ಯಾಲ್ಯೂ ಟೈಪ್. ಆ ಜೋಡಿಗೆಂದೇ ಜಿಟ್ ಕೋಡ್ ತಯಾರಿಸುತ್ತದೆ. ಸಿ ಯಾವುದು ಎಂಬುದು ಗೊತ್ತು, ಸ್ಟ್ರಕ್ಟಿಗೆ ಮರಿ ಕ್ಲಾಸ್ ಇರಲಾರದು, ಹಾಗಾಗಿ ಕಂಪೇರ್ ಎಂದರೆ ಯಾವ ಮೆಥಡ್ ಎಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಇಂಟರ್‌ಫೇಸ್ ಕರೆ ನೇರ ಕರೆಯಾಗುತ್ತದೆ, ನೇರ ಕರೆ ಪುಟ್ಟದಾದ್ದರಿಂದ ಇನ್‌ಲೈನ್ ಆಗುತ್ತದೆ. ಆಟ್ರಿಬ್ಯೂಟ್ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಇದರಲ್ಲಿ ಜನ ಎಡವುವ ಜಾಗಗಳು ಕೆಲವಿವೆ. ಸಿ ಬೆಲೆಯನ್ನು ಐಕಂಪೇರರ್<ಟಿ> ಟೈಪಿನ ವೇರಿಯೇಬಲಿನಲ್ಲಿ ಇಟ್ಟರೆ ಅದು ಬಾಕ್ಸ್ ಆಗಿ, ಅಂದರೆ ಆಬ್ಜೆಕ್ಟಿನೊಳಗೆ ಸುತ್ತಿಕೊಂಡು, ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಕಂಪೇರರಿನೊಳಗೆ ಏನಾದರೂ ಮಾಹಿತಿ ಇಟ್ಟುಕೊಳ್ಳಬೇಕಾದಾಗ ಕಂಪೇರರನ್ನೇ ಹೀಪ್ ಕ್ಲಾಸಿನ ಫೀಲ್ಡ್ ಮಾಡಿ, ಆದರೆ ರೀಡ್‌ಓನ್ಲಿ ಅನ್ನಬೇಡಿ. ಸಿ ಎಂಬ ಪ್ಯಾರಾಮೀಟರ್ ತನ್ನನ್ನು ತಾನು ಬದಲಾಯಿಸಿಕೊಳ್ಳುತ್ತದೋ ಇಲ್ಲವೋ ರಾಸ್ಲಿನ್‌ಗೆ ತಿಳಿಯದು, ಆದ್ದರಿಂದ ಪ್ರತಿ ಕರೆಗೂ ಮುನ್ನ ನಕಲು ತೆಗೆಯುತ್ತದೆ. ಇನ್ನು, ಸ್ಟ್ರಕ್ಟ್ ಎಂಬ ಕಟ್ಟನ್ನು ಮರೆತು ಇಂಟರ್‌ಫೇಸ್ ಕಟ್ಟನ್ನಷ್ಟೇ ಹಾಕಿದರೆ ಯಾರಾದರೂ ಕ್ಲಾಸ್ ದಾಟಿಸಿಯಾರು. ಆಗ ಮತ್ತೆ ಹಂಚಿಕೆಯ ಕೋಡು, ಮತ್ತೆ ಇಂಟರ್‌ಫೇಸ್ ಕರೆ.

ಹೋಲಿಕೆಗೆ ಡಿಫಾಲ್ಟ್ ಕ್ರಮವೇ ಸಾಕಾದರೆ ಇಷ್ಟೂ ಬೇಡ. ಈಕ್ವಾಲಿಟಿಕಂಪೇರರ್<ಟಿ>.ಡಿಫಾಲ್ಟ್ ಎಂಬುದನ್ನು ಡಾಟ್‌ನೆಟ್ ಕೋರ್ 2.1ರಿಂದ ಜಿಟ್ ವಿಶೇಷವಾಗಿ ಗುರುತಿಸುತ್ತದೆ, ನಂತರ ಕಂಪೇರರ್<ಟಿ>.ಡಿಫಾಲ್ಟ್‌ಗೂ ಅದೇ ಮರ್ಯಾದೆ ಸಿಕ್ಕಿತು. ಟಿ ವ್ಯಾಲ್ಯೂ ಟೈಪ್ ಆಗಿದ್ದಾಗ ಅದರ ಮೇಲಿನ ಕರೆ ನೇರವಾಗಿ ಇನ್‌ಲೈನ್ ಆಗುತ್ತದೆ. ಷರತ್ತು ಒಂದೇ: ಅದನ್ನು ಫೀಲ್ಡಿನಲ್ಲಿ ಉಳಿಸಿಕೊಳ್ಳಬಾರದು, ಬೇಕಾದ ಜಾಗದಲ್ಲೇ ಪೂರ್ತಿ ಬರೆಯಬೇಕು. ಪ್ರತಿ ಸಲ ಪ್ರಾಪರ್ಟಿ ಓದುವುದೇಕೆ, ಒಮ್ಮೆ ಫೀಲ್ಡಿಗೆ ಹಾಕಿಕೊಳ್ಳೋಣ ಎಂಬ ಮಿತವ್ಯಯವೇ ಇಲ್ಲಿ ದುಬಾರಿಯಾಗುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಡಾಟ್‌ನೆಟ್ 6ರಲ್ಲಿ ಬಂದ ಪ್ರಯಾರಿಟಿಕ್ಯೂ ಕ್ಲಾಸಿನ ಮೂಲ ಕೋಡ್ ತೆರೆದು ನೋಡಿ. ಅಂಶವನ್ನು ಮೇಲಕ್ಕೆ ಸರಿಸುವ ಮೆಥಡ್ ಅಲ್ಲಿ ಎರಡಿವೆ: ಡಿಫಾಲ್ಟ್ ಕಂಪೇರರ್‌ಗೆ ಒಂದು, ಬಳಕೆದಾರರು ಕೊಟ್ಟ ಕಂಪೇರರ್‌ಗೆ ಒಂದು. ಕೆಳಕ್ಕೆ ಸರಿಸುವುದೂ ಹಾಗೆಯೇ. ಹೋಲಿಸುವ ಸಾಲು ಬಿಟ್ಟರೆ ಎರಡೂ ಒಂದೇ ಥರ. ಕೋಡ್ ರಿವ್ಯೂನಲ್ಲಿ ಇಂಥದ್ದು ಕಂಡರೆ ನಾವು ಒಪ್ಪುವುದಿಲ್ಲ. ಲೈಬ್ರರಿ ಬರೆದವರು ಇನ್‌ಲೈನಿಂಗ್‌ಗಾಗಿ ತಿಳಿದೂ ತಿಳಿದೂ ಆ ಪುನರಾವರ್ತನೆಯನ್ನು ಒಪ್ಪಿಕೊಂಡಿದ್ದಾರೆ. ಸಾರ್ವಜನಿಕ ಎಪಿಐಗೆ ಎರಡನೆಯ ಟೈಪ್ ಪ್ಯಾರಾಮೀಟರ್ ಹೇರುವುದು ಬಳಸುವವರಿಗೆ ಕಿರಿಕಿರಿ. ನಿಮ್ಮ ಪ್ರಾಜೆಕ್ಟಿನ ಒಳಗೇ ಉಳಿಯುವ ಕ್ಲಾಸಾದರೆ ಸ್ಟ್ರಕ್ಟ್ ಉಪಾಯವೇ ಚೊಕ್ಕ ಎಂಬುದು ನನ್ನ ಅಭಿಪ್ರಾಯ.

ಇದೇ ತತ್ವ ಕಂಪೇರರ್‌ಗಳಾಚೆಗೂ ನಡೆಯುತ್ತದೆ. ಡೆಲಿಗೇಟ್ ದಾಟಿಸುತ್ತಿದ್ದ ಕಡೆ, ಒಂದೇ ಮೆಥಡ್ ಇರುವ ಇಂಟರ್‌ಫೇಸನ್ನು ಜಾರಿ ಮಾಡುವ ಸ್ಟ್ರಕ್ಟ್ ದಾಟಿಸಬಹುದು. ಸಿ ಶಾರ್ಪ್ 11 ಮತ್ತು ಡಾಟ್‌ನೆಟ್ 7ರಿಂದ ಇಂಟರ್‌ಫೇಸುಗಳಲ್ಲಿ ಸ್ಟ್ಯಾಟಿಕ್ ಅಬ್‌ಸ್ಟ್ರಾಕ್ಟ್ ಸದಸ್ಯರೂ ಇರಬಹುದಾದ್ದರಿಂದ ಬೆಲೆಯನ್ನು ಹಿಡಿದುಕೊಳ್ಳುವ ಅಗತ್ಯವೂ ತಪ್ಪಿದೆ, ಸಿ.ಕಂಪೇರ್ ಎಂದು ಟೈಪಿನ ಮೇಲೇ ಕರೆದರಾಯಿತು. ಐನಂಬರ್<ಟಿ> ಕಟ್ಟು ಹಾಕಿ ಬರೆದ ಕೂಡಿಸುವ ಮೆಥಡ್‌ಗೆ ಇಂಟ್ ಕೊಟ್ಟರೆ, ಟಿಯರ್-1ರಲ್ಲಿ ಕೂಡುವ ಚಿಹ್ನೆ ಒಂದು ಆಡ್ ಇನ್‌ಸ್ಟ್ರಕ್ಷನ್ ಆಗುತ್ತದೆ.

ಹಂತ 5: ರೆಫರೆನ್ಸ್ ಟೈಪ್ ಬಿಡುವಂತಿಲ್ಲವಾದರೆ

ಕೀ ಎಂಬುದು ಸ್ಟ್ರಿಂಗೇ ಆಗಿರಬೇಕು, ಏನು ಮಾಡುವುದು? ಅದನ್ನು ಸ್ಟ್ರಕ್ಟಿನಲ್ಲಿ ಸುತ್ತಿ. ಹೆಸರುಕೀ ಎಂಬ ರೀಡ್‌ಓನ್ಲಿ ಸ್ಟ್ರಕ್ಟ್, ಅದರೊಳಗೆ ಸ್ಟ್ರಿಂಗ್ ಫೀಲ್ಡ್ ಒಂದೇ, ಐಕಂಪೇರಬಲ್<ಹೆಸರುಕೀ> ಮತ್ತು ಐಈಕ್ವಾಟಬಲ್<ಹೆಸರುಕೀ> ಜಾರಿ. ಗಾತ್ರ ಒಂದು ಪಾಯಿಂಟರಿನಷ್ಟೇ, ಹೆಚ್ಚುವರಿ ಮೆಮೊರಿ ಇಲ್ಲ. ಈಗ ಹೀಪ್<ಹೆಸರುಕೀ>ಗೆ ಅದರದೇ ಕೋಡ್ ಸಿಗುತ್ತದೆ. ಪುಕ್ಕಟೆಯಾಗಿ ಇನ್ನೊಂದು ಲಾಭವೂ ಇದೆ: ರೆಫರೆನ್ಸ್ ಟೈಪಿನ ಅರೇಗೆ ಬರೆಯುವಾಗ ರನ್‌ಟೈಮ್ ಮಾಡುವ ಕೋವೇರಿಯನ್ಸ್ ಪರೀಕ್ಷೆ (ಬರೆಯುವ ಆಬ್ಜೆಕ್ಟಿನ ಟೈಪ್ ಆ ಅರೇಗೆ ಸಲ್ಲುತ್ತದೆಯೇ ಎಂದು ನೋಡುವುದು) ಸ್ಟ್ರಕ್ಟ್ ಅರೇಗೆ ಬೇಕಿಲ್ಲ.

ಇಲ್ಲೊಂದು ಬಲೆ ಇದೆ. ಇಷ್ಟು ಒಳ್ಳೆಯ ಉಪಾಯವನ್ನು ಸಾರ್ವತ್ರಿಕ ಮಾಡೋಣ ಎಂದು ಹೊದಿಕೆ<ಟಿ> ಎಂಬ ಜನರಿಕ್ ಸ್ಟ್ರಕ್ಟ್ ಬರೆದು ಹೀಪ್<ಹೊದಿಕೆ<ಸ್ಟ್ರಿಂಗ್>> ಎಂದರೆ, ಜಿಟ್ ಅದನ್ನು ಹೀಪ್<ಹೊದಿಕೆ<__ಕ್ಯಾನನ್>> ಎಂದು ನೋಡುತ್ತದೆ. ಮತ್ತೆ ಹಂಚಿಕೆ. ಒಳಗೆ ಎಲ್ಲೇ ರೆಫರೆನ್ಸ್ ಟೈಪ್ ಆರ್ಗ್ಯುಮೆಂಟ್ ಇದ್ದರೂ ಹಂಚಿಕೆ ಹಿಂದಿರುಗುತ್ತದೆ. ಹೊದಿಕೆ ಜನರಿಕ್ ಆಗಿರಬಾರದು, ಕೈಯಾರೆ ಹೆಸರಿಟ್ಟು ಬರೆದ ಸ್ಟ್ರಕ್ಟೇ ಬೇಕು.

ಕೆಲವೇ ಟೈಪ್‌ಗಳಿಗೆ ವೇಗದ ದಾರಿ ಸಾಕೆನ್ನುವವರು ಟೈಪ್‌ಆಫ್(ಟಿ) == ಟೈಪ್‌ಆಫ್(ಇಂಟ್) ಎಂದು ಪರೀಕ್ಷಿಸಿ ಕವಲು ಹಾಕಬಹುದು. ವ್ಯಾಲ್ಯೂ ಟೈಪ್‌ಗೆ ಜಿಟ್ ಈ ಪರೀಕ್ಷೆಯ ಉತ್ತರವನ್ನು ಕಂಪೈಲ್ ಮಾಡುವಾಗಲೇ ಕಂಡುಕೊಂಡು, ಓಡದ ಕವಲನ್ನು ಕಿತ್ತುಹಾಕುತ್ತದೆ. ಡಾಟ್‌ನೆಟ್ ಲೈಬ್ರರಿಯ ತುಂಬ ಈ ಬಗೆಯ ಕೋಡ್ ಕಾಣಸಿಗುತ್ತದೆ. ಓದಲು ಅಂದವಾಗಿರುವುದಿಲ್ಲ, ಮೆಷಿನ್ ಕೋಡ್ ಮಾತ್ರ ಅಚ್ಚುಕಟ್ಟು.

ಹಂತ 6: ಮೆಥಡ್ ಮೈ ಕರಗಿಸಿ

ಯಾವ ಮೆಥಡ್ ಎಂಬುದು ಗೊತ್ತಾದ ಮೇಲಷ್ಟೇ ಗಾತ್ರದ ಪ್ರಶ್ನೆ ಏಳುತ್ತದೆ. ಜಿಟ್ ಅಳೆಯುವುದು ಐಎಲ್ ಬೈಟ್‌ಗಳನ್ನು, ನಿಮ್ಮ ಸಾಲುಗಳನ್ನಲ್ಲ. ಬೇರೆ ಅಡ್ಡಿಗಳಿಲ್ಲದಿದ್ದರೆ 16 ಬೈಟ್‌ಗಳವರೆಗಿನ ಮೆಥಡ್ ಇನ್‌ಲೈನ್‌ಗೆ ಸದಾ ಯೋಗ್ಯ. ಅದಕ್ಕಿಂತ ದೊಡ್ಡದಾದರೆ ಲಾಭ ನಷ್ಟ ತೂಗಿ ನೋಡುತ್ತದೆ: ಆರ್ಗ್ಯುಮೆಂಟ್ ಸ್ಥಿರ ಬೆಲೆಯೇ, ಕವಲುಗಳು ಬಿದ್ದುಹೋಗುತ್ತವೆಯೇ, ಕರೆ ಲೂಪಿನೊಳಗಿದೆಯೇ ಇತ್ಯಾದಿ. ನೂರರ ಆಸುಪಾಸು ದಾಟಿದ ಮೇಲೆ ಪ್ರೊಫೈಲ್ ಮಾಹಿತಿಯ ಬೆಂಬಲವಿಲ್ಲದೆ ಆಸೆ ಇಟ್ಟುಕೊಳ್ಳಬೇಡಿ. ಒಂದರೊಳಗೊಂದು ಇನ್‌ಲೈನ್ ಆಗುವುದಕ್ಕೆ 20 ಹಂತಗಳ ಮಿತಿ ಇದೆ. ಒಟ್ಟು ಕಂಪೈಲ್ ಸಮಯಕ್ಕೂ ಒಂದು ಬಜೆಟ್ ಇದೆ. ದೊಡ್ಡ ಮೆಥಡ್ಡಿನ ಕೊನೆಯ ಕಡೆಯ ಕರೆಗಳು ಕೆಲವೊಮ್ಮೆ ಅದು ಮುಗಿದದ್ದರಿಂದಲೇ ಹೊರಗುಳಿಯುತ್ತವೆ.

ಮೈ ಕರಗಿಸುವುದಕ್ಕೆ ಮಾದರಿಯಾಗಿ ಲಿಸ್ಟ್<ಟಿ> ಕ್ಲಾಸಿನ ಆಡ್ ಮೆಥಡ್ ನೋಡಿ. ಅರೇಯಲ್ಲಿ ಜಾಗವಿದೆಯೇ ಎಂದು ನೋಡುತ್ತದೆ, ಇದ್ದರೆ ಬರೆದು ಎಣಿಕೆ ಏರಿಸುತ್ತದೆ, ಮುಗಿಯಿತು. ಜಾಗವಿಲ್ಲದಿದ್ದರೆ ಆಡ್‌ವಿತ್‌ರೀಸೈಜ್ ಎಂಬ ಇನ್ನೊಂದು ಮೆಥಡ್ ಕರೆಯುತ್ತದೆ. ಅದರ ಮೇಲೆ ನೋಇನ್‌ಲೈನಿಂಗ್ ಎಂದು ಬರೆದಿದ್ದಾರೆ. ಪದೇ ಪದೇ ಓಡುವ ದಾರಿ ಚಿಕ್ಕದಾಗಿ ಕರೆಯುವವರೊಳಗೆ ಸೇರುತ್ತದೆ, ಅಪರೂಪದ ದಾರಿ ಹೊರಗೇ ಉಳಿಯುತ್ತದೆ. ನಿಮ್ಮ ಮೆಥಡ್‌ನಲ್ಲೂ ಇಂಥ ಸೀಳು ಎಲ್ಲಿದೆ ಎಂದು ಹುಡುಕಿ, ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಎಕ್ಸೆಪ್ಷನ್ ಎಸೆಯುವ ಸಾಲಿಗೂ ಇದೇ ಚಿಕಿತ್ಸೆ. ಸಂದೇಶ ಕಟ್ಟುವುದು, ಆಬ್ಜೆಕ್ಟ್ ಮಾಡುವುದು, ಎಸೆಯುವುದು, ಎಲ್ಲವನ್ನೂ ಪ್ರತ್ಯೇಕ ಸ್ಟ್ಯಾಟಿಕ್ ಮೆಥಡ್‌ಗೆ ಹಾಕಿ. ಮರಳಿ ಬಾರದ ಮೆಥಡ್ ಎಂದು ಗುರುತಿಸಿ ಜಿಟ್ ಅದನ್ನು ಇನ್‌ಲೈನ್ ಮಾಡದೆ ಪಕ್ಕಕ್ಕೆ ಸರಿಸುತ್ತದೆ. ಈ ಹೆಲ್ಪರ್ ಜನರಿಕ್ ಅಲ್ಲದ ಕ್ಲಾಸಿನಲ್ಲಿರಲಿ. ಹೀಪ್<ಟಿ>ಯೊಳಗೇ ಇಟ್ಟರೆ ಟಿ ಬೇಕಿಲ್ಲದಿದ್ದರೂ ಪ್ರತಿ ವ್ಯಾಲ್ಯೂ ಟೈಪಿಗೂ ಒಂದೊಂದು ಪ್ರತಿ ಹುಟ್ಟುತ್ತದೆ. ನಲ್ ಪರೀಕ್ಷೆಗೆ ಡಾಟ್‌ನೆಟ್ 6ರಿಂದ ಆರ್ಗ್ಯುಮೆಂಟ್‌ನಲ್‌ಎಕ್ಸೆಪ್ಷನ್.ಥ್ರೋಇಫ್‌ನಲ್ ಸಿದ್ಧವಾಗಿಯೇ ಸಿಗುತ್ತದೆ.

ಟ್ರೈ-ಕ್ಯಾಚ್ ಇರುವ ಮೆಥಡ್ ಇನ್‌ಲೈನ್ ಆಗುವುದಿಲ್ಲ ಎಂದೇ ಎಣಿಸಿ. ಟ್ರೈ-ಫೈನಲಿ ಇರುವ ಕೆಲವಕ್ಕೆ ಡಾಟ್‌ನೆಟ್ 10ರಲ್ಲಿ ಬಾಗಿಲು ತೆರೆದಿದೆ. ಯೂಸಿಂಗ್, ಲಾಕ್, ಐಇನ್ಯೂಮರಬಲ್ ಮೇಲಿನ ಫೋರ್‌ಈಚ್ ಇವುಗಳ ಹೊಟ್ಟೆಯೊಳಗೂ ಟ್ರೈ-ಫೈನಲಿ ಅಡಗಿರುತ್ತದೆ ಎಂಬುದು ಬೇಗ ಹೊಳೆಯುವುದಿಲ್ಲ. ಅಸಿಂಕ್ ಮತ್ತು ಯೀಲ್ಡ್ ಇರುವ ಮೆಥಡ್‌ಗಳು ಸ್ಟೇಟ್ ಮೆಷಿನ್ ಆಗಿ ಬದಲಾಗುತ್ತವೆ; ಅವುಗಳ ಒಳಗಿನ ಕೆಲಸ ಕರೆಯುವವರೊಳಗೆ ಸೇರುವ ಮಾತೇ ಇಲ್ಲ.

ಹಂತ 7: ದಾರಿಯಲ್ಲಿನ ಸಣ್ಣಪುಟ್ಟ ಅಡ್ಡಿಗಳು

ಕ್ಲಾಸ್‌ಗಳಿಗೆ ಸೀಲ್ಡ್ ಹಾಕಿ. ಮರಿ ಕ್ಲಾಸ್ ಇಲ್ಲವೆಂದು ಖಾತರಿಯಾದರೆ ವರ್ಚುವಲ್ ಕರೆ ನೇರ ಕರೆಯಾಗುತ್ತದೆ.

ವರ್ಚುವಲ್ ಮೆಥಡ್‌ಗೆ ತನ್ನದೇ ಟೈಪ್ ಪ್ಯಾರಾಮೀಟರ್ ಕೊಡುವುದನ್ನು ಬಿಸಿ ಲೂಪುಗಳಲ್ಲಿ ಬಿಟ್ಟುಬಿಡಿ. ಯಾವ ಕೋಡ್ ಎಂದು ಓಡುವಾಗ ಹುಡುಕಬೇಕಾದ ಕರೆಗಳಲ್ಲಿ ಅತಿ ದುಬಾರಿ ಇದೇ. ಪ್ಯಾರಾಮೀಟರನ್ನು ಕ್ಲಾಸಿಗೆ ಏರಿಸಿದರೆ ಬಹುಪಾಲು ತೊಂದರೆ ನೀಗುತ್ತದೆ.

ಜನರಿಕ್ ಕ್ಲಾಸಿನಲ್ಲಿ ಸ್ಟ್ಯಾಟಿಕ್ ಕನ್‌ಸ್ಟ್ರಕ್ಟರ್ ಬರೆದಿದ್ದರೆ ಅದನ್ನು ಫೀಲ್ಡ್ ಇನಿಷಿಯಲೈಸರ್ ಆಗಿ ಬದಲಿಸಿ. ಕನ್‌ಸ್ಟ್ರಕ್ಟರ್ ಇದ್ದರೆ ಅದು ಯಾವ ಗಳಿಗೆಯಲ್ಲಿ ಓಡಬೇಕು ಎಂಬ ನಿಯಮ ಕಠಿಣ, ಜಿಟ್ ಅಲ್ಲಲ್ಲಿ ಪರೀಕ್ಷೆ ಸೇರಿಸಬೇಕಾಗುತ್ತದೆ. ಟಿಗೆ ಸಂಬಂಧವೇ ಇಲ್ಲದ ಸ್ಟ್ಯಾಟಿಕ್ ಫೀಲ್ಡ್‌ಗಳನ್ನು ಜನರಿಕ್ ಅಲ್ಲದ ಕ್ಲಾಸಿಗೆ ಸಾಗಿಸಿದರೆ ಡಿಕ್ಷನರಿ ಹುಡುಕಾಟವೂ ತಪ್ಪುತ್ತದೆ.

ರೆಡಿಟುರನ್ ಬಳಸಿ ಮೊದಲೇ ಕಂಪೈಲ್ ಮಾಡುವವರಿಗೆ ಬೇರೊಂದು ಬೇಲಿ ಇದೆ. ಬೇರೆ ಅಸೆಂಬ್ಲಿಯ ಮೆಥಡ್ ನಾಳೆ ಬದಲಾಗಬಹುದಾದ್ದರಿಂದ, ಒಟ್ಟಿಗೆ ಆವೃತ್ತಿಗೊಳ್ಳುವ ಗುಂಪಿನ ಆಚೆಯಿಂದ ಸಾಮಾನ್ಯವಾಗಿ ಇನ್‌ಲೈನ್ ಮಾಡುವುದಿಲ್ಲ. ಬಿಸಿಯಾದ ಮೆಥಡ್ ಟಿಯರ್-1ಕ್ಕೆ ಬಂದಾಗ ಇದು ಸರಿಹೋಗುತ್ತದೆ. ಕೆಲವೇ ಸೆಕೆಂಡು ಬದುಕುವ ಪ್ರೋಗ್ರಾಮ್‌ಗಳಿಗೆ ಆ ಭಾಗ್ಯವಿಲ್ಲ. ಎಲ್ಲವನ್ನೂ ಮೊದಲೇ ಮೆಷಿನ್ ಕೋಡ್ ಮಾಡಿಬಿಡುವ ನೇಟಿವ್ ಎಒಟಿಯಲ್ಲಿ ಇಡೀ ಪ್ರೋಗ್ರಾಮ್ ಕಣ್ಣೆದುರೇ ಇರುವುದರಿಂದ ಈ ಬೇಲಿ ಇಲ್ಲ, ಆದರೆ ಡೈನಾಮಿಕ್ ಪಿಜಿಒ ಕೂಡ ಇಲ್ಲ. ಪಿಜಿಒ ಆಡುವ ಜೂಜಿನ ಮೇಲೆ ಭಾರ ಹಾಕಿದ್ದ ಇಂಟರ್‌ಫೇಸ್ ಕರೆಗಳು ಅಲ್ಲಿ ಹಾಗೇ ಉಳಿಯಬಹುದು, ಹಂತ 4ರ ಸ್ಟ್ರಕ್ಟ್ ಉಪಾಯ ಅಲ್ಲೂ ನಡೆಯುತ್ತದೆ.

ಹಂತ 8: ಈಗ ಆಟ್ರಿಬ್ಯೂಟ್

ಅಗ್ರೆಸಿವ್‌ಇನ್‌ಲೈನಿಂಗ್ ಡಾಟ್‌ನೆಟ್ ಫ್ರೇಮ್‌ವರ್ಕ್ 4.5ರಲ್ಲಿ, 2012ರಲ್ಲಿ ಬಂತು. ಅದು ಮಾಡುವುದು ಒಂದೇ ಕೆಲಸ: ಗಾತ್ರ ಮತ್ತು ಲಾಭ ನಷ್ಟದ ತೂಗಾಟವನ್ನು ಬದಿಗಿಡುತ್ತದೆ. ವರ್ಚುವಲ್ ಕರೆಯನ್ನು ಅದು ನೇರ ಮಾಡಲಾರದು, ಟ್ರೈ-ಕ್ಯಾಚ್ ದಾಟಿಸಲಾರದು, ಟಿಯರ್-0ರಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಫೇಲ್ ಈವೆಂಟಿನಲ್ಲಿ ಗಾತ್ರ ಹೆಚ್ಚಾಯಿತು ಅಥವಾ ಲಾಭವಿಲ್ಲ ಎಂಬ ಕಾರಣ ಬಂದಿದ್ದರೆ ಮಾತ್ರ ಅದನ್ನು ಹಾಕಿ. ಅದಕ್ಕೆ ತಕ್ಕ ಜಾಗ ಹಂತ 5ರಲ್ಲಿ ಕಂಡ ಟೈಪ್‌ಆಫ್ ಕವಲುಗಳ ಮೆಥಡ್: ಹತ್ತು ಟೈಪ್‌ಗಳ ಕವಲು ಸೇರಿ ಐಎಲ್ ಉದ್ದವಾಗಿರುತ್ತದೆ, ಯಾವುದೇ ಒಂದು ಟಿಗೆ ಉಳಿಯುವುದು ಒಂದೇ ಕವಲು.

ಹೆಸರು ಹತ್ತಿರವಿರುವ ಅಗ್ರೆಸಿವ್‌ಆಪ್ಟಿಮೈಸೇಷನ್ ಎಂಬುದನ್ನು ಇದರ ಜೊತೆ ಸೇರಿಸಬೇಡಿ. ಅದು ಮೆಥಡ್ಡನ್ನು ಟಿಯರ್ಡ್ ಕಂಪೈಲೇಷನ್ನಿನಿಂದಲೇ ಹೊರಗಿಡುತ್ತದೆ. ಆಗ ಪಿಜಿಒ ಮಾಹಿತಿ ಸಿಗದೆ, ಇಂಟರ್‌ಫೇಸ್ ಕರೆಗಳ ಬಗ್ಗೆ ಜಿಟ್ ಮಾಡಬಹುದಾಗಿದ್ದ ಊಹೆಯೂ ಕೈತಪ್ಪುತ್ತದೆ.

ಆಟ್ರಿಬ್ಯೂಟ್ ಹಾಕಿದ ಮೇಲೆ ಬೆಂಚ್‌ಮಾರ್ಕ್ ಮತ್ತೆ ಓಡಿಸಿ. ದೊಡ್ಡ ಮೆಥಡ್ಡನ್ನು ಹತ್ತು ಕಡೆ ಬಿಚ್ಚಿ ಹರಡಿದರೆ ಕೋಡ್ ಉಬ್ಬಿ ಇನ್‌ಸ್ಟ್ರಕ್ಷನ್ ಕ್ಯಾಶ್ ಮೇಲೆ ಒತ್ತಡ ಬೀಳುತ್ತದೆ, ರಿಜಿಸ್ಟರ್‌ಗಳು ಸಾಲದೆ ಬೆಲೆಗಳು ಸ್ಟ್ಯಾಕಿಗೆ ಇಳಿಯುತ್ತವೆ. ವ್ಯತ್ಯಾಸ ಅಳತೆಗೆ ಸಿಗದಿದ್ದರೆ ಆಟ್ರಿಬ್ಯೂಟ್ ತೆಗೆದುಬಿಡಿ. ಸಿಕ್ಕರೆ, ಟಿಯರ್-1 ಪಟ್ಟಿಯ ಫೈಲನ್ನು ಪ್ರಾಜೆಕ್ಟಿನ ಜೊತೆ ಉಳಿಸಿಡಿ. ಮುಂದಿನ ರನ್‌ಟೈಮ್ ಆವೃತ್ತಿಗೆ ಹೋದ ದಿನ ಹೊಸ ಪಟ್ಟಿ ತೆಗೆದು ಕಾಲ್ ಸಾಲುಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿ. ವಿಳಾಸಗಳು, ರಿಜಿಸ್ಟರ್ ಹೆಸರುಗಳು ಪ್ರತಿ ಸಲ ಬದಲಾದಾವು, ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬೇರೆ ಭಾಷೆಗಳಲ್ಲಿ ಬರೆಯುವವರಿಗೆ

ರಸ್ಟ್ ಮತ್ತು ಸಿ ಪ್ಲಸ್ ಪ್ಲಸ್ ಪ್ರತಿ ಟೈಪಿಗೂ ಬೇರೆ ಕೋಡ್ ಮಾಡುವುದರಿಂದ ಹಂತ 3ರ ತಲೆನೋವು ಅಲ್ಲಿಲ್ಲ. ರಸ್ಟಿನಲ್ಲಿ ಡಿನ್ ಟ್ರೇಟ್, ಸಿ ಪ್ಲಸ್ ಪ್ಲಸ್‌ನಲ್ಲಿ ಎಸ್‌ಟಿಡಿ ಫಂಕ್ಷನ್ ಬಳಸಿದಾಗ ಮಾತ್ರ ಗುರುತು ಮರೆಯಾಗುತ್ತದೆ. ಜಾವಾ ಟೈಪ್ ಆರ್ಗ್ಯುಮೆಂಟನ್ನು ಅಳಿಸಿಹಾಕಿ ತನ್ನ ರನ್‌ಟೈಮ್ ಆದ ಹಾಟ್‌ಸ್ಪಾಟ್‌ನ ಪ್ರೊಫೈಲನ್ನು ನಂಬುತ್ತದೆ. ಗೋ ಭಾಷೆಗೆ 2022ರ ಮಾರ್ಚ್‌ನಲ್ಲಿ 1.18 ಆವೃತ್ತಿಯೊಂದಿಗೆ ಜನರಿಕ್ಸ್ ಬಂದಾಗ ಹಿಡಿದದ್ದು ಡಾಟ್‌ನೆಟ್ಟನ್ನೇ ಹೋಲುವ ದಾರಿ: ಎಲ್ಲ ಪಾಯಿಂಟರ್ ಟೈಪ್‌ಗಳಿಗೂ ಒಂದೇ ಕೋಡು, ಜೊತೆಗೊಂದು ಡಿಕ್ಷನರಿ. ಅಲ್ಲಿ ಟೈಪ್ ಪ್ಯಾರಾಮೀಟರಿನ ಮೇಲಿನ ಮೆಥಡ್ ಕರೆ ಡಿಕ್ಷನರಿ ಮೂಲಕವೇ ಹೋಗುವುದರಿಂದ, ಸ್ಟ್ರಕ್ಟ್ ಕಂಪೇರರ್ ಉಪಾಯವನ್ನು ಗೋದಲ್ಲಿ ಹಾಗೆಯೇ ಬಳಸಿ ಅದೇ ಫಲ ನಿರೀಕ್ಷಿಸಬೇಡಿ. ಹೋಲಿಸುವ ಕೆಲಸಕ್ಕೆ ಸಿಎಂಪಿ.ಆರ್ಡರ್ಡ್ ಕಟ್ಟು ಹಾಕಿ ಚಿಕ್ಕದು ಎಂಬ ಚಿಹ್ನೆಯನ್ನೇ ನೇರವಾಗಿ ಬಳಸಿದರೆ ಅಲ್ಲಿ ಮೆಥಡ್ ಕರೆಯ ಪ್ರಶ್ನೆಯೇ ಬರುವುದಿಲ್ಲ.